ಒಂದೇ ಡಿಶ್ ಬಾಕ್ಸಿನಿಂದ ಎರಡು ಟಿ.ವಿ. ನಡೆಸಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಾಲ್‌ನಲ್ಲಿ ಎಚ್‌ಡಿ ಬಾಕ್ಸ್ ಮತ್ತು ಹೊಸ ಟಿ.ವಿ. ಇದೆ. ಮಂಡಿ ಆಪರೇಷನ್ ಆದಮೇಲೆ ಮಾವನವರಿಗೆ ಹಾಲ್‌ಗೆ ಬಂದು ಕೂರುವುದು ಕಷ್ಟ. ಅವರ ಕೋಣೆಗೆ ಹಳೆಯ ಟಿ.ವಿ. ಇಟ್ಟೆವು. ಡಿಶ್‌ನಿಂದ ಬರುವ ವೈರಿಗೆ ಸ್ಪ್ಲಿಟರ್ ಹಾಕಿದರೆ ಎರಡೂ ಕಡೆ ಬರುತ್ತದೆ ಎಂದು ಅಂಗಡಿಯವರು ಹೇಳಿದರು. ಹಾಕಿಸಿದರೂ ಕೋಣೆಯ ಟಿ.ವಿ.ಯಲ್ಲಿ ಏನೂ ಬರುತ್ತಿಲ್ಲ. ತಿಂಗಳು ತಿಂಗಳು ಇನ್ನೊಂದು ರೀಚಾರ್ಜ್ ಮಾಡದೆ ಏನಾದರೂ ದಾರಿ ಇದೆಯೇ? ಇಂಟರ್‌ನೆಟ್ ನಮ್ಮಲ್ಲಿ ಅಷ್ಟಕ್ಕಷ್ಟೆ.

ಉತ್ತರ: ದಾರಿ ಇದೆ. ಮೊದಲು ಆ ಸ್ಪ್ಲಿಟರ್ ತೆಗೆಸಿಬಿಡಿ. ಡಿಶ್‌ನಿಂದ ಇಳಿದುಬರುವ ವೈರಿನಲ್ಲಿ ಟಿ.ವಿ.ಗೆ ಅರ್ಥವಾಗುವ ಚಿತ್ರ ಇರುವುದಿಲ್ಲ. ಡಿಶ್ ಮುಂದೆ ಕೋಲಿನ ತುದಿಗೆ ಒಂದು ಡಬ್ಬಿ ಇದೆಯಲ್ಲ, ಅದರ ಹೆಸರು ಎಲ್‌ಎನ್‌ಬಿ. ಉಪಗ್ರಹದಿಂದ ಬಂದ ತರಂಗವನ್ನು ಅದು 950ರಿಂದ 2150 ಮೆಗಾಹರ್ಟ್ಸ್‌ನ ಒಳಗೆ ಇಳಿಸಿ ಕೆಳಗೆ ಕಳಿಸುತ್ತದೆ. ಅದರೊಳಗಿನ ಚಾನೆಲ್‌ಗಳು ಗೂಢಲಿಪಿಯಲ್ಲಿರುತ್ತವೆ. ನೀವು ಕಟ್ಟಿದ ಹಣಕ್ಕೆ ತಕ್ಕಂತೆ ಅವನ್ನು ಬಿಡಿಸಿ ಚಿತ್ರ ಮಾಡುವ ಕೆಲಸ ಬಾಕ್ಸಿನದು. ಬಾಕ್ಸಿಗಿಂತ ಮೊದಲೇ ವೈರನ್ನು ಕವಲು ಮಾಡಿದರೆ ಎರಡನೇ ಟಿ.ವಿ. ಖಾಲಿಯೇ ಉಳಿಯುತ್ತದೆ.

ಅಂಗಡಿಯವರ ಮಾತು ಹಳೆಯ ಕೇಬಲ್ ಕಾಲದ್ದು. ಆಗ ವೈರನ್ನು ನೇರ ಟಿ.ವಿ.ಗೆ ಚುಚ್ಚಿದರೆ ಸಾಕಿತ್ತು, ಕೋಣೆಗೊಂದು ಟಿ.ವಿ. ಇಟ್ಟರೂ ನಡೆಯುತ್ತಿತ್ತು. ಬೆಂಗಳೂರು, ಮೈಸೂರುಗಳಲ್ಲಿ 2013ರ ಮಾರ್ಚ್ ಗಡುವಿಗೆ, ಹಳ್ಳಿಗಳ ಕಡೆ 2017ರ ಗಡುವಿಗೆ ಡಿಜಿಟಲ್ ಬಾಕ್ಸ್ ಕಡ್ಡಾಯವಾಗಿ ಆ ಅನುಕೂಲ ಮುಗಿಯಿತು.

ಕವಲು ಮಾಡಬೇಕಾದದ್ದು ಬಾಕ್ಸಿನ ನಂತರ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಸಾಮಾನ್ಯ ಬಾಕ್ಸ್ ಒಂದು ಹೊತ್ತಿಗೆ ಒಂದೇ ಚಾನೆಲ್ ಹೊರಗೆ ಕೊಡುತ್ತದೆ. ಹಾಲ್‌ನಲ್ಲಿ ಧಾರಾವಾಹಿ ಹಾಕಿದರೆ ಮಾವನವರ ಕೋಣೆಯಲ್ಲೂ ಅದೇ ಧಾರಾವಾಹಿ. ಯಾವ ವೈರು ಹಾಕಿದರೂ ಇದು ಬದಲಾಗದು.

ಅದು ಒಪ್ಪಿಗೆಯಾದರೆ, ನಿಮ್ಮ ಹಳೆಯ ಟಿ.ವಿ.ಗೆ ಅಗ್ಗದ ದಾರಿ ಎವಿ ಕೇಬಲ್. ಹಾಲ್‌ನ ಟಿ.ವಿ.ಗೆ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ಹೋಗಿರುತ್ತದೆ. ಅದೇ ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಮೂರು ಪಿನ್ನು ಹಾಕುವ ಜಾಗ ಬಳಸದೆ ಉಳಿದಿರುತ್ತದೆ. ಚಿಕ್ಕ ಗಾತ್ರದ ಬಾಕ್ಸುಗಳಲ್ಲಿ ಮೂರರ ಬದಲು ಇಯರ್‌ಫೋನ್ ತೂತಿನಂತಹದ್ದು ಒಂದೇ ಇರಬಹುದು, ಅದಕ್ಕೆ ಬೇರೆ ಕೇಬಲ್ ಸಿಗುತ್ತದೆ. ಹೆಚ್ಚಿನ ಬಾಕ್ಸುಗಳಲ್ಲಿ ಎಚ್‌ಡಿಎಂಐ, ಎವಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಎಲ್ಲದರಲ್ಲೂ ಅಲ್ಲ. ಹಾಗಾಗಿ ಉದ್ದನೆಯ ವೈರು ಕೊಳ್ಳುವ ಮುಂಚೆ ಹಳೆಯ ಟಿ.ವಿ.ಯನ್ನೇ ಹಾಲ್‌ಗೆ ತಂದು, ಸಣ್ಣ ಎವಿ ಕೇಬಲ್ ಚುಚ್ಚಿ, ಎರಡರಲ್ಲೂ ಚಿತ್ರ ಬರುತ್ತದೆಯೇ ನೋಡಿಕೊಳ್ಳಿ.

ಬಂದರೆ ಕೋಣೆಗೆ ವೈರು ಎಳೆಸಿ. ಅಂಗಡಿಯಲ್ಲಿ ಸಿಗುವ ತೆಳ್ಳಗಿನ ರೆಡಿಮೇಡ್ ಎವಿ ಕೇಬಲ್ ಉದ್ದವಾದಷ್ಟೂ ಚಿತ್ರ ಮಸುಕಾಗುತ್ತದೆ, ಧ್ವನಿಯಲ್ಲಿ ಗುಂಯ್ ಎನ್ನುವ ಸದ್ದು ಸೇರುತ್ತದೆ. ಡಿಶ್‌ಗೆ ಬಳಸುವ ಆರ್‌ಜಿ-6 ವೈರನ್ನೇ ಎಳೆದು ತುದಿಗಳಿಗೆ ಎವಿ ಪಿನ್ನು ಹಾಕಿಸಿದರೆ 15–20 ಮೀಟರ್ ದೂರಕ್ಕೂ ಚಿತ್ರ ಚೆನ್ನಾಗಿ ಬರುತ್ತದೆ. ಕರೆಂಟಿನ ವೈರು ಹೋಗುವ ಪೈಪಿನೊಳಗೆ ಮಾತ್ರ ಇದನ್ನು ಸೇರಿಸಬೇಡಿ. ಎವಿಯಲ್ಲಿ ಎಚ್‌ಡಿ ಸ್ಪಷ್ಟತೆ ಸಿಗದು, ಆದರೆ ಹಳೆಯ ಟಿ.ವಿ.ಯಲ್ಲಿ ವಾರ್ತೆ ನೋಡಲು ಧಾರಾಳವಾಯಿತು.

ಮುಂದೆ ಆ ಕೋಣೆಗೂ ಹೊಸ ಟಿ.ವಿ. ತಂದರೆ ಎಚ್‌ಡಿಎಂಐ ಸ್ಪ್ಲಿಟರ್ ಬೇಕು. ಕೊಳ್ಳುವಾಗ ಜಾಗ್ರತೆ: ಇದೇ ಥರ ಕಾಣುವ ಎಚ್‌ಡಿಎಂಐ ಸ್ವಿಚ್ ಎರಡು ಬಾಕ್ಸನ್ನು ಒಂದು ಟಿ.ವಿ.ಗೆ ಜೋಡಿಸುವಂಥದ್ದು, ನಿಮಗೆ ಉಪಯೋಗವಿಲ್ಲ. ಸ್ಪ್ಲಿಟರ್‌ಗೆ ಎಚ್‌ಡಿಸಿಪಿ (ನಕಲು ಮಾಡದಂತೆ ತಡೆಯುವ ವ್ಯವಸ್ಥೆ) ಬೆಂಬಲ ಇರಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗುತ್ತದೆ. ಮಾಮೂಲಿ ಎಚ್‌ಡಿಎಂಐ ಕೇಬಲ್ ಸುಮಾರು 10 ಮೀಟರ್ ದಾಟಿದರೆ ನಂಬುವಂತಿಲ್ಲ. ದೂರ ಹೆಚ್ಚಿದ್ದರೆ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಮೇಲೆ ಓಡುವ ಎಕ್ಸ್‌ಟೆಂಡರ್ ಹಾಕಿಸಿ.

ರಿಮೋಟಿನ ವಿಷಯ ಯಾರೂ ಮುಂಚೆ ಯೋಚಿಸುವುದಿಲ್ಲ, ಆಮೇಲೆ ಮನೆಯವರೆಲ್ಲ ಎದ್ದು ಓಡಾಡಬೇಕಾಗುತ್ತದೆ. ರಿಮೋಟಿನ ಬೆಳಕು ಗೋಡೆ ದಾಟದು. ಕೋಣೆಯಿಂದಲೇ ಚಾನೆಲ್ ಬದಲಿಸಲು ಐಆರ್ ಎಕ್ಸ್‌ಟೆಂಡರ್ ಎಂಬ ಸಣ್ಣ ಸಾಧನ ಸಿಗುತ್ತದೆ. ಅದನ್ನೂ, ಇನ್ನೊಂದು ರಿಮೋಟನ್ನೂ ಮಾವನವರ ಹಾಸಿಗೆ ಪಕ್ಕ ಇಡಿ. ಬಾಕ್ಸಿನ ಧ್ವನಿಯನ್ನು ಪೂರ್ತಿ ಏರಿಸಿಟ್ಟು ಆಯಾ ಟಿ.ವಿ.ಯ ರಿಮೋಟಿನಲ್ಲೇ ಜೋರು-ಮೆಲ್ಲ ಮಾಡಿಕೊಂಡರೆ ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಿಲ್ಲ.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ನಡೆಯಲಾಗದೆ ಇಡೀ ದಿನ ಕೋಣೆಯಲ್ಲೇ ಇರುವವರಿಗೆ ತಮಗೆ ಬೇಕಾದ ಚಾನೆಲ್ ತಾವೇ ಹಾಕಿಕೊಳ್ಳುವುದು ದೊಡ್ಡ ಸಮಾಧಾನ. ಸಂಜೆ ಹೊತ್ತು ಹಾಲ್‌ನವರು ಹಾಕಿದ್ದನ್ನೇ ನೋಡಬೇಕಾದರೆ ಅವರಿಗೆ ಬೇಸರವಾಗದೇ ಇರದು. ತಿಂಗಳ ಖರ್ಚು ಬೇಡವೆಂದರೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಹಾಕಿಸಿ. ಡಿಶ್, ಬಾಕ್ಸಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ರೀಚಾರ್ಜ್ ಇಲ್ಲ. ಚಂದನ ಬರುತ್ತದೆ. ಖಾಸಗಿ ಚಾನೆಲ್‌ಗಳಲ್ಲಿ ಹೆಚ್ಚಿನವು ಹಿಂದಿಯವು, ಅದನ್ನು ತಿಳಿದೇ ಹಾಕಿಸಿ.

ಈಗಿನ ಕಂಪನಿಯದೇ ಎರಡನೇ ಬಾಕ್ಸ್ ಬೇಕಾದರೆ ಮೊದಲ ಸಂಪರ್ಕದ ಹೆಸರಿನಲ್ಲೇ, ಮಲ್ಟಿ ಟಿ.ವಿ. ಎಂದು ಕೇಳಿ ತೆಗೆದುಕೊಳ್ಳಿ. ಎರಡನೆಯದಕ್ಕೆ ನೆಟ್‌ವರ್ಕ್ ಶುಲ್ಕ (ಚಾನೆಲ್ ದರದ ಹೊರತಾಗಿ ಸಂಪರ್ಕಕ್ಕೆಂದು ತಿಂಗಳು ತಿಂಗಳು ಕಟ್ಟುವ ಹಣ) ಮೊದಲನೆಯದರ 40% ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರಲ್ಲಿ ಮಿತಿ ಹಾಕಿತ್ತು. 2024ರ ಜುಲೈನಲ್ಲಿ ಈ ಶುಲ್ಕದ ಮಿತಿಗಳನ್ನು ತೆಗೆದು ದರವನ್ನು ಕಂಪನಿಗಳಿಗೇ ಬಿಟ್ಟಿತು, ಆದ್ದರಿಂದ ವಿಚಾರಿಸಿಯೇ ಒಪ್ಪಿಕೊಳ್ಳಿ. ಡಿಶ್ ಅದೇ ಸಾಕು, ಎಲ್‌ಎನ್‌ಬಿ ಮಾತ್ರ ಎರಡು ಕಿಂಡಿಯದಾಗಬೇಕು. ಬಾಕ್ಸ್ 13 ಇಲ್ಲವೇ 18 ವೋಲ್ಟ್ ಕಳಿಸಿ ಯಾವ ಧ್ರುವೀಕರಣದ (ತರಂಗ ಕಂಪಿಸುವ ದಿಕ್ಕಿನ) ತರಂಗ ಬೇಕೆಂದು ಎಲ್‌ಎನ್‌ಬಿಗೆ ಹೇಳುತ್ತದೆ. ಒಂದೇ ವೈರಿನಲ್ಲಿ ಎರಡು ಬಾಕ್ಸ್ ಬೇರೆ ಬೇರೆ ವೋಲ್ಟ್ ಕಳಿಸಿದರೆ ಒಂದರ ಚಾನೆಲ್‌ಗಳು ಮಾಯವಾಗುತ್ತವೆ.

ಮಲೆನಾಡಿನವರು ಸಿಡಿಲಿನ ವಿಷಯ ಮರೆಯಬಾರದು. ಒಂದೇ ಬಾಕ್ಸಿಗೆ ಎರಡು ಟಿ.ವಿ. ಜೋಡಿಸಿದರೆ ಡಿಶ್ ವೈರಿನಲ್ಲಿ ಇಳಿದ ಪೆಟ್ಟು ಎರಡನ್ನೂ ಮುಟ್ಟಬಹುದು. ಗುಡುಗು ಶುರುವಾಗುವ ಮೊದಲೇ ಪ್ಲಗ್ಗುಗಳ ಜೊತೆಗೆ ಡಿಶ್ ವೈರನ್ನೂ ಬಾಕ್ಸಿನಿಂದ ಬಿಚ್ಚಿಡಿ.

ಪ್ರಶ್ನೆ: ನಮ್ಮದು ಕೇಬಲ್, ಎರಡು ಟಿ.ವಿ.ಗೂ ಬೇರೆ ಬಾಕ್ಸ್ ಇದೆ. ಸ್ಪ್ಲಿಟರ್ ಹಾಕಬಹುದೇ? (ಹಾಸನದ ಓದುಗರು)

ಉತ್ತರ: ಧಾರಾಳವಾಗಿ. ಕೇಬಲ್ ವೈರಿನಲ್ಲಿ ಎಲ್‌ಎನ್‌ಬಿ ವೋಲ್ಟಿನ ತಕರಾರು ಇಲ್ಲ. ಎರಡು ಕವಲಿನ ಸ್ಪ್ಲಿಟರ್ ಒಂದೊಂದು ಕಡೆಗೆ ಸುಮಾರು 3.5 ಡೆಸಿಬಲ್ ಸಿಗ್ನಲ್ ತಗ್ಗಿಸುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆದರೆ ಮೊದಲು ಪಿನ್ನುಗಳನ್ನು ಹೊಸದಾಗಿ ಹಾಕಿಸಿ ನೋಡಿ. ಆಮೇಲೂ ಸರಿಹೋಗದಿದ್ದರೆ ಲೈನಿನ ಸಿಗ್ನಲ್ ಹೆಚ್ಚಿಸಿಕೊಡುವಂತೆ ಕೇಬಲ್‌ನವರಿಗೆ ಹೇಳಿ.