ಕೀಟೋ ಮಾಡುವವರು ಶ್ರಾವಣ ಸೋಮವಾರ ಬರೀ ನೀರಿನ ಮೇಲೆ ಇರಬಹುದೇ?

ತಿಂಗಳಿಂದ ಕೀಟೋ ಊಟದಲ್ಲಿದ್ದೀರಿ, ಅಂದರೆ ಅನ್ನ, ರೊಟ್ಟಿ, ಸಕ್ಕರೆ ತೀರಾ ಕಡಿಮೆ ಮಾಡಿ ಹೆಚ್ಚಾಗಿ ಕೊಬ್ಬಿನ ಪದಾರ್ಥ ಉಣ್ಣುತ್ತಿದ್ದೀರಿ. ಶ್ರಾವಣ ಸೋಮವಾರ ಬರೀ ನೀರು ಕುಡಿದಿರುತ್ತೇನೆ, ಹಸಿವಾಗದಿದ್ದರೆ ಮಂಗಳವಾರವೂ ಮುಂದುವರಿಸಲೇ ಎಂದು ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಔಷಧ ಅಂಗಡಿ ಇಟ್ಟವನು. ಯಾವ ಕಾಯಿಲೆಯೂ ಇಲ್ಲದವರಿಗೆ ಸೋಮವಾರ ಒಂದು ದಿನ ಅಷ್ಟು ಭಾರವಲ್ಲ. ಆದರೆ ಹಸಿವಾಗಲಿಲ್ಲ ಎಂಬುದನ್ನು ನಂಬಿ ದಿನ ಹೆಚ್ಚಿಸಬೇಡಿ.

ರೊಟ್ಟಿ, ಅನ್ನ ಉಣ್ಣುವವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಇರುತ್ತದೆ. ಉಪವಾಸದಲ್ಲಿ ಅದು ಹೆಚ್ಚುಕಡಿಮೆ ಒಂದು ದಿನದಲ್ಲಿ ಕರಗಿದ ಮೇಲೆಯೇ ಅವರ ದೇಹ ಕೀಟೋನಿನ ಕಡೆ, ಅಂದರೆ ಯಕೃತ್ತು ಕೊಬ್ಬಿನಿಂದ ಮಾಡುವ ಇಂಧನದ ಕಡೆ, ಹೊರಳುವುದು. ನಿಮ್ಮಲ್ಲಿ ಆ ದಾಸ್ತಾನು ಮೊದಲೇ ಕಡಿಮೆ, ಕೀಟೋನ್ ತಯಾರಿ ನಡೆದೇ ಇದೆ. ಉಪವಾಸ ಅದನ್ನು ಇನ್ನಷ್ಟು ಏರಿಸುತ್ತದೆ. ನಿಮಗೆ ಹಸಿವು ಕಾಡದಿರುವುದು ಅದಕ್ಕೇ. ಆದರೂ ಮಿದುಳಿಗೆ ಒಂದಿಷ್ಟು ಗ್ಲೂಕೋಸ್ ಬೇಕೇ ಬೇಕು. ಯಕೃತ್ತು ಅದನ್ನು ಕೊಬ್ಬಿನ ಒಂದು ಭಾಗವಾದ ಗ್ಲಿಸರಾಲಿನಿಂದ, ಜೊತೆಗೆ ಸ್ನಾಯುವಿನ ಪ್ರೋಟೀನಿನಿಂದಲೂ ಮಾಡಿಕೊಳ್ಳುತ್ತದೆ. ಹಾಗಾಗಿ ಮಂಗಳವಾರ ಬೇಡ ಅನ್ನುತ್ತೇನೆ.

ಇನ್ನು ಉಪ್ಪು. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಹೊರಹಾಕುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. ಕೀಟೋದಿಂದ ಮೊದಲೇ ಹೀಗಾಗಿರುತ್ತದೆ, ಮೇಲೆ ಉಪವಾಸ. ಎದ್ದು ನಿಂತರೆ ಕಣ್ಣು ಕತ್ತಲೆ, ಮೀನಖಂಡ ಸೆಳೆತ ಬರುವುದು ಇದರಿಂದಲೇ. ಬರೀ ನೀರು ಎಷ್ಟು ಕುಡಿದರೂ ಅದು ಹೋಗುವುದಿಲ್ಲ. ನಿಂಬೆಹಣ್ಣಿನ ನೀರಿಗೆ ಚಿಟಿಕೆ ಸೈಂಧವ ಲವಣ ಹಾಕಿ ಕುಡಿಯಿರಿ, ವ್ರತಕ್ಕೂ ನಡೆಯುತ್ತದೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು. ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಕೀಟೋ ಕೆಡುತ್ತದೆಂದು ಕೆಲವರು ಮುಟ್ಟುವುದಿಲ್ಲ. ನಿಜವಾಗಿಯೂ ತಲೆ ಸುತ್ತಿ ಬೀಳುವಂತಾದರೆ ಆ ಲೆಕ್ಕ ಬಿಟ್ಟು ಕುಡಿಯಿರಿ.

ಉಪವಾಸ ಬಿಡುವಾಗ ನಮ್ಮ ಕಡೆಯ ಸಾಬೂದಾಣಿ ಖಿಚಡಿ, ಬಾಳೆಹಣ್ಣು ಬೇಡ. ಸಾಬೂದಾಣಿ ಅಂದರೆ ಹೆಚ್ಚುಕಡಿಮೆ ಪೂರ್ತಿ ಪಿಷ್ಟ. ವಾರಗಟ್ಟಲೆ ಪಿಷ್ಟ ಬಿಟ್ಟ ದೇಹ ಅದನ್ನು ಒಮ್ಮೆಲೇ ಸಂಭಾಳಿಸುವುದಿಲ್ಲ, ಸಕ್ಕರೆ ಸರ್ರನೆ ಏರುತ್ತದೆ. ಮಜ್ಜಿಗೆ, ಪನೀರ್, ಸ್ವಲ್ಪ ಶೇಂಗಾ ಸಾಕು.

ನನಗೆ ನಿಜವಾಗಿ ಚಿಂತೆ ಇರುವುದು ಗುಳಿಗೆಗಳದ್ದು, ಅದನ್ನು ನೀವು ಬರೆದೇ ಇಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡು ಉಣ್ಣದೆ ಇದ್ದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇನ್ನೂ ಮೋಸದವು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಜೊತೆಗೆ ಕೀಟೋ, ಮೇಲೆ ಉಪವಾಸ ಸೇರಿದರೆ ಕೀಟೋನ್ ಹತೋಟಿ ಮೀರಿ ರಕ್ತ ಆಮ್ಲವಾಗಬಹುದು, ಅದೂ ಗ್ಲೂಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಾಗಲೇ. ಹಿಂದಿನ ರಾತ್ರಿ ಗುಳಿಗೆ ಬಿಟ್ಟರೆ ಆಯಿತು ಎಂದುಕೊಳ್ಳಬೇಡಿ, ಅದರ ಪರಿಣಾಮ ಕೆಲವು ದಿನ ಉಳಿಯುತ್ತದೆ. ಇವನ್ನು ನುಂಗುವವರು, ಟೈಪ್ 1 ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು, ಬಾಣಂತಿಯರು ಕೀಟೋ, ಉಪವಾಸ ಎರಡನ್ನೂ ಒಟ್ಟಿಗೆ ಮಾಡಲೇಬಾರದು. ವಾಂತಿ, ಹೊಟ್ಟೆನೋವು, ಜೋರು ಉಸಿರು ಶುರುವಾದರೆ ಆಸ್ಪತ್ರೆಗೆ ಹೋಗಿ, ಗುಳಿಗೆಯ ಹೆಸರು, ಕೀಟೋ, ಉಪವಾಸ ಮೂರನ್ನೂ ಹೇಳಿ, ಕೀಟೋನ್ ಪರೀಕ್ಷೆ ಮಾಡಿ ಎಂದು ನೀವೇ ಬಾಯಿಬಿಟ್ಟು ಕೇಳಿ.