ನಿತ್ರಾಣ ಅಂದರೆ ಬರೀ ಸುಸ್ತಲ್ಲ

ಪ್ರಶ್ನೆ: ಡೆಂಗಿ ಜ್ವರ ಬಿಟ್ಟು ವಾರವಾದರೂ ನಮ್ಮ ಅವ್ವ ‘ಭಾಳ ನಿತ್ರಾಣ ಆಗೇತಿ’ ಅಂತಾಳೆ. ದವಾಖಾನೆಯ ಕೇಸ್ ಪೇಪರಿನಲ್ಲಿ ನಾನು ‘ಸುಸ್ತು’ ಅಂತ ಬರೆಸಿದೆ. ಎರಡೂ ಒಂದೇ ಅಲ್ವಾ? ‘ನಿಸ್ತ್ರಾಣ’ ಅಂತಲೂ ಓದಿದ್ದೇನೆ. ಯಾವುದು ಸರಿ?
– ಓದುಗರೊಬ್ಬರು, ಗದಗ

ಉತ್ತರ: ಒಂದೇ ಅಲ್ಲ. ನಿಮ್ಮ ಅವ್ವ ಆಡಿದ ಮಾತೇ ಸರಿ. ಅದನ್ನು ಹಾಗೇ ಬರೆಸಿದ್ದರೆ ಚೆನ್ನಾಗಿತ್ತು.

ಬ್ಯಾಡಗಿ ಮಾರುಕಟ್ಟೆಯಲ್ಲಿ ದಿನವಿಡೀ ಮೆಣಸಿನಕಾಯಿ ಚೀಲ ಹೊತ್ತ ಹಮಾಲ ಸಂಜೆ ಏನಂತಾನೆ? ‘ದಣದೇನಿ’ ಅಂತಾನೆ. ಚಹಾ ಕುಡಿದು, ಉಂಡು, ಒಂದು ನಿದ್ದೆ ತೆಗೆದರೆ ಮರುದಿನ ಮತ್ತೆ ಚೀಲಕ್ಕೆ ಹೆಗಲು ಕೊಡುತ್ತಾನೆ. ಅದು ದಣಿವು. ಅದೇ ಹಮಾಲ ಜ್ವರದಲ್ಲಿ ಮಲಗಿ ಎದ್ದಾಗ ಚೀಲ ಹಾಗಿರಲಿ, ನೀರಿನ ತಂಬಿಗೆ ಎತ್ತಿದರೂ ಕೈ ನಡುಗುತ್ತದೆ. ಕೆಲಸವನ್ನೇ ಮಾಡಿಲ್ಲ, ಆದರೂ ಮೈಯಲ್ಲಿ ಕಸುವಿಲ್ಲ. ನಿತ್ರಾಣ ಅಂದರೆ ಇದು.

‘ಸುಸ್ತು’ ಪಾರಸಿಯಿಂದ ಬಂದದ್ದು. ಹಿಂದಿಯಲ್ಲಿ ‘ಸುಸ್ತ್’ ಅಂದರೆ ಮಂದ, ಸೋಮಾರಿ. ನಮ್ಮಲ್ಲಿ ಅದು ಸಡಿಲವಾದ ಮಾತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಂದ ಹುಬ್ಬಳ್ಳಿಗೆ ಬಂದರೂ ಸುಸ್ತು, ಮದುವೆ ಮನೆಯಲ್ಲಿ ಓಡಾಡಿದರೂ ಸುಸ್ತು.

ನಿತ್ರಾಣದೊಳಗಿನ ‘ತ್ರಾಣ’ದ ಕತೆ ಸೊಗಸಾಗಿದೆ. ಸಂಸ್ಕೃತದಲ್ಲಿ ಅದರ ಅರ್ಥ ಕಾಪಾಡುವುದು. ಹೆಲ್ಮೆಟ್ಟಿಗೆ ‘ಶಿರಸ್ತ್ರಾಣ’ ಅನ್ನುವುದು ಅದಕ್ಕೇ. ಕನ್ನಡಕ್ಕೆ ಬಂದು ಅದು ಮೈಯ ಶಕ್ತಿಯಾಯಿತು. ಮರಾಠಿಯಲ್ಲೂ ‘ಅಂಗಾತ್ ತ್ರಾಣ್ ನಾಹೀ’ ಅನ್ನುತ್ತಾರೆ. ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ‘ಮೈಯಾಗ ತ್ರಾಣಿಲ್ಲ’ ಅನ್ನೋ ಮಾತಿಗೂ ಅದೇ ಅರ್ಥ.

ವ್ಯಾಕರಣದ ಪ್ರಕಾರ ‘ನಿಸ್’ ಸೇರಿ ‘ನಿಸ್ತ್ರಾಣ’ ಆಗುತ್ತದೆ, ನಿಜ. ಆದರೆ ಆಡುವಾಗ ಸಕಾರ ಬಿದ್ದುಹೋಗಿ, ಬರವಣಿಗೆಯಲ್ಲೂ ‘ನಿತ್ರಾಣ’ವೇ ನೆಲೆ ನಿಂತಿದೆ. ಧೈರ್ಯವಾಗಿ ಹಾಗೇ ಬರೆಯಿರಿ. ‘ನಿತ್ರಾಣತೆ’ ಅಂತ ಮಾತ್ರ ಸುಮ್ನೆ ಬಾಲ ಹಚ್ಚಬೇಡಿ. ‘ನಿತ್ರಾಣಗೊಂಡ ಕಾಡಾನೆ’, ‘ಮೇವಿಲ್ಲದೆ ನಿತ್ರಾಣಗೊಂಡ ದನ’ ಅಂತ ಪತ್ರಿಕೆಗಳು ಬರೆಯುವುದು ಸರಿಯಾದ ಬಳಕೆ.

‘ಸೊರಗು’ ಬೇರೆ. ಸೊರಗಿದ್ದು ನೋಡಿದವರಿಗೆ ಕಾಣುತ್ತದೆ. ನಿತ್ರಾಣ ಜಾಸ್ತಿ ಗೊತ್ತಾಗುವುದು ಅನುಭವಿಸುವವರಿಗೇ. ದಷ್ಟಪುಷ್ಟವಾಗಿ ಕಾಣುವವರೂ ನಿತ್ರಾಣ ಆಗಿರಬಹುದು. ಹಾಗಾಗಿ ಹಿರಿಯರು ಈ ಮಾತು ಆಡಿದಾಗ ‘ಚೆನ್ನಾಗೇ ಇದ್ದೀಯಲ್ಲ’ ಅನ್ನದೆ, ಯಾವ ಕೆಲಸ ಆಗುತ್ತಿಲ್ಲ ಅಂತ ಕೇಳಬೇಕು.

ಮುಂದಿನ ಸಲ ಕೇಸ್ ಪೇಪರಿನಲ್ಲಿ ‘ನಿತ್ರಾಣ’ ಅಂತಲೇ ಬರೆಸಿ. ಜೊತೆಗೆ ಎದ್ದು ನಿಲ್ಲಲು ಆಗುತ್ತದೋ ಇಲ್ಲವೋ, ಎಷ್ಟು ದಿನದಿಂದ ಹೀಗಿದೆ, ಊಟ ಹೋಗುತ್ತದೆಯೇ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಇನ್ನೊಂದು ಮಾತು. ಒಂದೇ ಬದಿಯ ಕೈಕಾಲು ತಟ್ಟನೆ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದನ್ನು ನಿತ್ರಾಣ ಅಂದುಕೊಂಡು ಮಲಗಿಸಬೇಡಿ. ಅದು ಲಕ್ವಾ ಇರಬಹುದು. ತಡಮಾಡದೆ 108ಕ್ಕೆ ಫೋನ್ ಮಾಡಿ.