ಬಿಸಿಯಾದ ಮೇಲೆ ಮಾತ್ರ ಗೇರ್ ಜಾರುವುದಕ್ಕೆ

ನಿಮ್ಮ ಕಾರು ಬೆಳಗ್ಗೆ ಸರಿ ಇರುತ್ತದೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತ ಮೇಲೆ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಸುಮ್ನೆ ಏರಿ, ಆಮೇಲೆ ಧಡ್ ಅಂತ ಕೂರುತ್ತದೆ ಎಂದಿದ್ದೀರಿ. 2009ರ ನಾಲ್ಕು ಗೇರಿನ ಆಟೊಮ್ಯಾಟಿಕ್, ಅಲ್ವಾ? ಗೇರ್‌ಬಾಕ್ಸ್ ಬಿಚ್ಚಿಸಲು ಈಗಲೇ ಒಪ್ಪಬೇಡಿ ಸಾರ್.

ಮೊದಲು ಗೇರ್‌ಬಾಕ್ಸ್ ಆಯಿಲ್ ನೋಡಿ. ಬಿಸಿಯಾದಾಗ ಆಯಿಲ್ ತೆಳ್ಳಗಾಗುತ್ತದೆ. ಮಟ್ಟ ಕಮ್ಮಿಯಿದ್ದರೆ ಪಂಪು ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳು ಜಾರುತ್ತವೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಇದ್ದರೆ ಗಾಡಿ ಚೆನ್ನಾಗಿ ಓಡಿಸಿ ಬಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ರೀತಿಯಲ್ಲೇ ಅಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಚಾಲೂ ಇರಬೇಕು. ಆಯಿಲ್ ಕೆಂಪಗಿದ್ದರೆ ನೆಮ್ಮದಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದಿರುವ ಸಾಧ್ಯತೆ ಜಾಸ್ತಿ.

ಮ್ಯಾನುಯಲ್‌ನಲ್ಲಿ ಹೇಳಿದ ಆಯಿಲ್ಲೇ ಹಾಕಿಸಿ. ನಾನೊಮ್ಮೆ ದಾರಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿ, ವಾರಗಟ್ಟಲೆ ಜರ್ಕ್ ತಿಂದಿದ್ದೇನೆ! ಇಳಿಸಿ ತುಂಬಿಸಿದರೆ ಎಲ್ಲ ಹಳೇ ಆಯಿಲ್ ಹೋಗುವುದಿಲ್ಲ, ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಸಾಕಷ್ಟು ಉಳಿಯುತ್ತದೆ. ಅದಕ್ಕೇ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಮೆಷಿನ್ ಫ್ಲಶ್ (ಯಂತ್ರದಿಂದ ಹಳೇ ಆಯಿಲ್ ಪೂರ್ತಿ ಹೊರದಬ್ಬುವುದು) ನಾನಾದರೆ ಮಾಡಿಸುವುದಿಲ್ಲ.

ಆಮೇಲೂ ಜಾರಿದರೆ ಗೇರ್‌ಬಾಕ್ಸ್ ಕಂಪ್ಯೂಟರನ್ನೇ ಸ್ಕ್ಯಾನ್ ಮಾಡಿಸಿ. ಎಂಜಿನ್ ದೋಷದ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು. ಸೊಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕೋಡ್ ಬಂದರೆ ಅದರ ವೈರು, ಕನೆಕ್ಟರ್ ಮೊದಲು ನೋಡಲಿ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ಸೊಲೆನಾಯ್ಡನ್ನು ಅಡಿಯ ಆಯಿಲ್ ಪ್ಯಾನ್ ಬಿಚ್ಚಿಯೇ ಬದಲಿಸಬಹುದು.

ಅಂದಹಾಗೆ, ಕೊನೆಯದಾಗಿ ಆಯಿಲ್ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ?